ಕಾಲು ಮೇಸ್ತ್ರಿಯ ಓದು

ಎದುರಿಗೆ ಬಂದವರ ಮುಖವನ್ನು ಮೇಸ್ತ್ರಿ ಸರಿಯಾಗಿ ನೋಡಿದ್ದನ್ನು ನಾನು ಕಾಣೆ. ಅವರ ನೋಟ ನೇರ ಪಾದಕ್ಕೆ ಇಳಿಯುತ್ತಿತ್ತು. ಅಲ್ಲಿಂದ ಮೊಣಕಾಲಿಗೆ ಹತ್ತಿ, ಸೊಂಟದಲ್ಲಿ ಒಂದು ಗಳಿಗೆ ತಂಗಿ, ಮತ್ತೆ ಪಾದಕ್ಕೇ ಮರಳುತ್ತಿತ್ತು. ಹಿಂದೂಪುರದ ಅರ್ಧ ಊರು ಅವರಿಗೆ ಗೊತ್ತಿದ್ದದ್ದು ಹೆಸರಿನಿಂದಲ್ಲ, ನಡಿಗೆಯಿಂದ. "ಯಾರು ಬಂದಿದ್ರು ಮೇಸ್ತ್ರಿ?" ಎಂದು ಕೇಳಿದರೆ "ಅದೇ, ಬಲಗಾಲು ಹೊರಕ್ಕೆ ಬೀಸೋ ಹುಣಸೇಹಣ್ಣಿನ ಸಾವ್ಕಾರ್ರು" ಎನ್ನುತ್ತಿದ್ದರು. ಒಮ್ಮೆ ಅವರು ಬಂಧುಗಳ ಮದುವೆಗೆ ಹೋಗಿ ಬಂದಾಗ, ಗಂಡು ಹೇಗಿದ್ದಾನೆ ಎಂದು ವಿಚಾರಿಸಿದೆ. "ಹಿಮ್ಮಡಿ ಗಟ್ಟಿಯಾಗಿ ಊರ್ತಾನೆ ಕಣಮ್ಮ, ಸಂಸಾರ ಮಾಡ್ತಾನೆ" ಎಂದರು. ಗಂಡಿನ ಬಣ್ಣ, ಎತ್ತರ, ಓದು ಯಾವುದೂ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಊರೆಲ್ಲ ಅವರನ್ನು ಕಾಲು ಮೇಸ್ತ್ರಿ ಎಂದೇ ಕರೆಯುತ್ತಿತ್ತು. ತಂದೆ ತಾಯಿ ಇಟ್ಟ ಹೆಸರನ್ನು ನಾನಿಲ್ಲಿ ಬರೆದರೂ ಯಾರಿಗೂ ಗುರುತು ಹತ್ತುವುದಿಲ್ಲ.

ಆಸ್ಪತ್ರೆಯ ಕೆಲಸಕ್ಕೆ ಬರುವ ಮೊದಲು ಅವರಿಗೆ ರೈಲ್ವೆ ಸ್ಟೇಷನ್ನಿನ ರಸ್ತೆಯಲ್ಲಿ ಜಟಕಾ ಕುದುರೆಗಳ ಸಾಜು, ಅಂದರೆ ಲಗಾಮು ಪಟ್ಟಿಗಳನ್ನು, ಹೊಲಿಯುವ ಅಂಗಡಿಯಿತ್ತು. ಚರ್ಮ, ಮರ, ಕಬ್ಬಿಣ ಮೂರೂ ಕೈಗೆ ಒಗ್ಗಿದ ಆಳು. ಒಂದು ಕಿವಿಯ ಮೇಲೆ ಪೆನ್ಸಿಲು, ಇನ್ನೊಂದರ ಮೇಲೆ ಚರ್ಮ ಚುಚ್ಚುವ ದಬ್ಬಳ. ಮಾತಿನಲ್ಲಿ ವಿನಯ ಎಂಬುದು ಒಂದಿಷ್ಟೂ ಇರಲಿಲ್ಲ. "ಹೆರೋದು, ಹಾಡೋದು, ಇವೆರಡು ಬಿಟ್ರೆ ನಮಗೆ ಬರದೆ ಇರೋ ಕೆಲಸ ಯಾವ್ದೈತೆ ಹೇಳಿ" ಎಂದು ಗಿರಾಕಿಗಳಿಗೆ ಸವಾಲು ಹಾಕುತ್ತಿದ್ದರು.

ನಾನು ಆಗ ಊರಿನ ಒಂದು ಧರ್ಮಾಸ್ಪತ್ರೆಯಲ್ಲಿ ಟೈಪಿಸ್ಟು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಸೊರಗಿದ್ದರಿಂದ, ಅದಕ್ಕೆ ಮದ್ರಾಸಿನಲ್ಲಿ ಮಾಡಿಸಿದ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಿದ್ದೆ. ಕಾಲಿನ ಎರಡು ಪಕ್ಕಕ್ಕೂ ಕಬ್ಬಿಣದ ಸರಳು, ಅವನ್ನು ಹಿಡಿದಿಡಲು ಚರ್ಮದ ಪಟ್ಟಿಗಳು. ಒಂದು ದಿನ ಆಸ್ಪತ್ರೆಗೆ ಹೋಗುವಾಗ ಮಂಡಿಯ ಹತ್ತಿರದ ಪಟ್ಟಿ ಕಿತ್ತುಹೋಯಿತು. ಕಿತ್ತದ್ದು ಅವರ ಅಂಗಡಿಯ ಎದುರಿಗೇ. ಅವರು ಮುಖ ನೋಡದೆ, ಹೆಸರು ಕೇಳದೆ, ನನ್ನನ್ನು ಜಗಲಿಯ ಮೇಲೆ ಕೂರಿಸಿ ಕುದುರೆಯ ಕೆಂಪು ಪಟ್ಟಿಯನ್ನೇ ಕತ್ತರಿಸಿ ಹಿತ್ತಾಳೆ ಬಕಲು ಹಾಕಿ ಹೊಲಿದುಕೊಟ್ಟರು. ಎದ್ದು ನಡೆದರೆ ಹಿತವಾಗಿತ್ತು. ಆಸ್ಪತ್ರೆಯ ವರಾಂಡಕ್ಕೆ ಕಾಲಿಟ್ಟಾಗಲೇ ನನಗೆ ಗೊತ್ತಾದದ್ದು, ಪಟ್ಟಿಯ ಹಿಂಬದಿಗೆ ಒಂದು ಗೆಜ್ಜೆಯನ್ನೂ ಹೊಲಿದಿದ್ದರು. ರಸ್ತೆಯ ಗದ್ದಲದಲ್ಲಿ ಕೇಳಿರಲಿಲ್ಲ. ಝಲ್ ಝಲ್ ಎಂದು ಬರುತ್ತಿದ್ದ ಸದ್ದಿಗೆ ನಮ್ಮ ದೊಡ್ಡ ಡಾಕ್ಟರು, ಜಟಕಾ ವರಾಂಡದೊಳಕ್ಕೇ ನುಗ್ಗಿತೆಂದು ತಿಳಿದು ಕೋಣೆಯಿಂದ ಹೊರಗೆ ಬಂದರು.

ಸಂಜೆ ಹೋಗಿ ಗೆಜ್ಜೆ ಯಾಕೆ ಹಾಕಿದಿರಿ ಎಂದು ಕೇಳಿದೆ.

"ಸಂತೇಲಿ ಜನ ದಾರಿ ಬಿಡ್ತಾರೆ ಕಣಮ್ಮ," ಎಂದರು. ಅದು ನಿಜವಾಗಿತ್ತು.

ದೊಡ್ಡ ಡಾಕ್ಟರು ಆ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಅವರನ್ನು ಕರೆಸಿದರು. ಕಲ್ಯಾಣದುರ್ಗ, ಕುಂದುರ್ಪಿ, ಪರಿಗಿ ಎಲ್ಲ ಕಡೆಯಿಂದ ಕಾಲು ಕಳೆದುಕೊಂಡವರು, ಕಾಲು ಸೊರಗಿದವರು ನಮ್ಮಲ್ಲಿಗೆ ಬರುತ್ತಿದ್ದರು. ಅವರನ್ನೆಲ್ಲ ಮದ್ರಾಸಿಗೆ ಹೋಗಿ ಎನ್ನುವುದೂ ಒಂದೇ, ಚಂದ್ರಲೋಕಕ್ಕೆ ಹೋಗಿ ಎನ್ನುವುದೂ ಒಂದೇ. ಅಡಿಗೆಮನೆಯ ಹಿಂದಿನ ಶೆಡ್ಡನ್ನು ಮೇಸ್ತ್ರಿಗೆ ಕೊಟ್ಟು ಅಲ್ಲೇ ಕ್ಯಾಲಿಪರು, ಮರದ ಕಾಲು ಮಾಡಿಸಬೇಕೆಂದು ಡಾಕ್ಟರ ಆಸೆ. ಆಸ್ಪತ್ರೆಯ ಕಮಿಟಿಯವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಮೇಸ್ತ್ರಿ ಒಂದು ಗಡುವಿನೊಳಗೆ ಸರಿಯಾದ ತರಬೇತಿ ಪಡೆದು, ಸರ್ಟಿಫಿಕೇಟು ತಂದು ಟೆಕ್ನೀಷಿಯನ್ ಆಗಬೇಕು. ಇಲ್ಲವಾದರೆ ಕಮಿಟಿಯೇ ಬೇರೆ ಕಡೆಯಿಂದ ತರಬೇತಾದವರನ್ನು ತರಿಸಿಕೊಳ್ಳುತ್ತದೆ. ತರಬೇತಿ ಎಲ್ಲಿ ಕೊಡುತ್ತಾರೆ, ಏನು ಓದಬೇಕು ಎಂಬುದು ಡಾಕ್ಟರಿಗೂ ಗೊತ್ತಿರಲಿಲ್ಲ, ಕಮಿಟಿಗೂ ಗೊತ್ತಿರಲಿಲ್ಲ. ಹುಡುಕಿಕೊಳ್ಳಿ ಎಂದರು.

ಮೇಸ್ತ್ರಿ ಅಂಗಡಿ ಮುಚ್ಚಿ ಬಂದರು. ಬಂದವರೇ ನನ್ನ ಮೇಜಿನ ಮುಂದೆ ನಿಂತು, "ಟೈಪಮ್ಮ, ಹೊಡಿ ಒಂದು ಕಾಗದ" ಎಂದರು. ಅವರಿಗೆ ಕನ್ನಡ, ತೆಲುಗು ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಅಂದಿನಿಂದ ಅವರ ಇಂಗ್ಲಿಷೆಲ್ಲ ನಾನೇ. "ಮರದ ಕಾಲು ಮಾಡೋ ಬುಕ್ಕು ಬೇಕು. ಬೊಮ್ಮೆ, ಅದೇ ಚಿತ್ರ, ಇರ್ಬೇಕು. ಎಲ್ಲಾ ಥರದ ಕಾಲೂ ಇರ್ಬೇಕು. ಅಷ್ಟೇ ಬರಿ, ಜಾಸ್ತಿ ಬರುದ್ರೆ ಅವರಿಗೂ ಗಲಿಬಿಲಿ." ಅವರು ಹೇಳಿದಷ್ಟನ್ನೇ ಇಂಗ್ಲಿಷಿಗೆ ತಿರುಗಿಸಿ ಮದ್ರಾಸಿನ ಪುಸ್ತಕದಂಗಡಿಗಳಿಗೆ ಕಳಿಸಿದೆ.

ಕೆಲವು ವಾರ ಕಳೆದ ಮೇಲೆ ಒಂದು ದಪ್ಪ ಪುಸ್ತಕ ಬಂತು. ಮೇಸ್ತ್ರಿ ಕೈ ತೊಳೆದುಕೊಂಡು ಬಂದು ಬಿಚ್ಚಿದರು. ಹಾಳೆ ತಿರುವಿದಲ್ಲೆಲ್ಲ ಕಾಲುಗಳ ಚಿತ್ರ. ಸಣ್ಣ ಕಾಲು, ಬಾಗಿದ ಕಾಲು, ಗೀರು ಗೀರಾಗಿ ಕೆತ್ತಿದ ಕಾಲು, ತುದಿಯಲ್ಲಿ ಸಿಂಹದ ಪಂಜ ಒಂದು ಚೆಂಡನ್ನು ಹಿಡಿದುಕೊಂಡಿರುವ ಕಾಲು. ನಾನು ಮೊದಲ ಪುಟ ಓದಿದೆ. ಅದು ದೊರೆಗಳ ಮನೆಯ ಕುರ್ಚಿ ಮೇಜುಗಳನ್ನು ಮಾಡುವ ಪುಸ್ತಕ.

"ಮೇಸ್ತ್ರಿ, ಇದು ಕುರ್ಚಿ ಕಾಲಿನ ಪುಸ್ತಕ" ಎಂದೆ.

ಅವರು ಸಿಂಹದ ಪಂಜದ ಮೇಲೆ ಬೆರಳಾಡಿಸಿದರು. "ಕುರ್ಚಿ ಯಾರನ್ನ ಹೊರ್ತದೆ?"

"ಮನುಷ್ಯರನ್ನ."

"ನಮ್ಮ ಕಾಲು ಯಾರನ್ನ ಹೊರ್ಬೇಕು?"

"ಮನುಷ್ಯರನ್ನೇ."

"ಮತ್ತೆ? ಓದಮ್ಮ, ಓದು" ಎಂದರು.

ಆಮೇಲೆ ದಿನವೂ ಊಟದ ಬಿಡುವಿನಲ್ಲಿ ಆ ಪುಸ್ತಕದ ಪಾರಾಯಣ. ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವುದು, ಅವರು ಕಣ್ಣುಮುಚ್ಚಿ ಕೇಳುವುದು. ಕಾಲು ಮೇಲೆ ತೋರವಾಗಿದ್ದು ಕೆಳಕ್ಕೆ ಬರುತ್ತ ಸಣ್ಣಗಾಗಿ, ನೆಲ ಮುಟ್ಟುವ ಕಡೆ ಮತ್ತೆ ಅಗಲವಾಗಬೇಕು ಎಂಬ ಸಾಲು ಬಂದಾಗ ಅವರು ತೊಡೆ ತಟ್ಟಿಕೊಂಡು, "ಚೂಶಾವಾ, ನೋಡಿದ್ಯಾ, ಇದೇ ಅಲ್ವಾ ಕಾಲು ಅಂದ್ರೆ" ಎಂದು ನನ್ನ ಕಡೆ, ಅಂದರೆ ನನ್ನ ಪಾದದ ಕಡೆ, ಹೆಮ್ಮೆಯಿಂದ ನೋಡಿದರು.

ಈ ಓದಿನ ಫಲ ಬಿದ್ದದ್ದು ಹನುಮಂತಪ್ಪನ ಮೇಲೆ. ಕುಂದುರ್ಪಿಯ ಕಡೆಯ ಕುರಿ ವ್ಯಾಪಾರಿ, ಗಾಡಿಯ ಚಕ್ರಕ್ಕೆ ಸಿಕ್ಕಿ ಮಂಡಿಯಿಂದ ಕೆಳಗೆ ಕಾಲು ಹೋಗಿತ್ತು. ಮೇಸ್ತ್ರಿ ಒಳ್ಳೆಯ ಮರ ತಂದು, ಮೊಂಡುಗಾಲು ಕೂರುವುದಕ್ಕೆ ಮೇಲೊಂದು ಬಟ್ಟಲು ಕೊರೆದು, ಕೆಳಗೆ ಚೆಂದವಾಗಿ ಇಳಿಸಿ, ಪಾದದ ಜಾಗದಲ್ಲಿ ಚೆಂಡು ಹಿಡಿದ ಸಿಂಹದ ಪಂಜವನ್ನೇ ಕೆತ್ತಿಬಿಟ್ಟರು. ದೊಡ್ಡ ಡಾಕ್ಟರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಇದಕ್ಕೆ ಉಗುರು ಯಾಕಿದೆ?" ಎಂದು ಕೊನೆಗೆ ಕೇಳಿದರು.

"ಹಿಡಿತಕ್ಕೆ ಸಾರ್. ಅವರ ಕಡೆ ಗರಸು ನೆಲ, ಜಾರ್ತದೆ."

"ಕುಯ್ದು ಹಾಕಿ, ಸಾದಾ ಪಾದ ಮಾಡಿ."

ಮೇಸ್ತ್ರಿ ಗರಗಸ ಹುಡುಕುವಷ್ಟರಲ್ಲಿ ಹನುಮಂತಪ್ಪ ಆ ಕಾಲನ್ನು ಕಟ್ಟಿಕೊಂಡು ಬಸ್ಸು ಹತ್ತಿ ಹೋಗಿಬಿಟ್ಟಿದ್ದ. ಮತ್ತೆ ಅವನು ಬಂದದ್ದು ತಿಂಗಳಾದ ಮೇಲೆ. ಪಂಜ ತೆಗೆಯುತ್ತೇವೆ ಎಂದರೆ ಸುತರಾಂ ಒಪ್ಪಲಿಲ್ಲ. ಸಂತೆಯಲ್ಲಿ ಅವನು ಕಲ್ಲಿನ ಮೇಲೆ ಕಾಲಿಟ್ಟು ನಿಂತರೆ ನೋಡಲಿಕ್ಕೇ ಜನ ಸೇರುತ್ತಾರಂತೆ, ಬಂದವರು ಕುರಿಯನ್ನೂ ನೋಡುತ್ತಾರಂತೆ. "ನಾಯಿಗಳು ಮಾತ್ರ ಒಪ್ತಾ ಇಲ್ಲ ಕಣಪ್ಪ," ಎಂದ, "ಮಿಕ್ಕೋರಿಗೆಲ್ಲ ಖುಷಿ."

ಮತ್ತೆ ಯಾಕೆ ಬಂದೆ ಎಂದು ಮೇಸ್ತ್ರಿ ಕೇಳಿದರು. ಅವನು ಕಾಲು ಬಿಚ್ಚಿ ತೋರಿಸಿದ. ಗಟ್ಟಿ ಬಟ್ಟಲಿಗೆ ಉಜ್ಜಿ ಉಜ್ಜಿ ಮೊಂಡುಗಾಲಿನ ಚರ್ಮ ಕಿತ್ತು ಹುಣ್ಣಾಗಿತ್ತು. ಒಳಗೆ ಹಳೆಯ ಪಂಚೆಯ ತುಂಡು ತುರುಕಿಕೊಂಡು ತಿಂಗಳು ನಡೆದಿದ್ದ. ಮೇಸ್ತ್ರಿ ಆ ಹುಣ್ಣನ್ನು ನೋಡುತ್ತ ಕುಕ್ಕರಗಾಲಿನಲ್ಲಿ ಕೂತವರು ಏಳಲೇ ಇಲ್ಲ. ನರ್ಸಮ್ಮ ಬಂದು ಔಷಧಿ ಹಚ್ಚಿ ಪಟ್ಟಿ ಕಟ್ಟುವವರೆಗೂ ಹಾಗೇ ಕೂತಿದ್ದರು.

ಆ ಮಧ್ಯಾಹ್ನ ನಾನು ಪುಸ್ತಕ ತೆಗೆದರೆ ಬೇಡವೆಂದು ಕೈಯಾಡಿಸಿದರು. "ಕುರ್ಚಿಗೆ ನೋವಾಗಲ್ಲ ಟೈಪಮ್ಮ" ಎಂದರು. ಅಷ್ಟು ಸಣ್ಣ ದನಿ ಅವರಿಂದ ಬಂದದ್ದು ಅದೇ ಮೊದಲು.

ಸುಮ್ಮನೆ ಕೂರುವ ಜಾಯಮಾನ ಮಾತ್ರ ಅವರದಲ್ಲ. ಕಾಲು ಮಾಡುವ ಮೊದಲು ಕಾಲು ನಡೆಯುವುದು ಹೇಗೆಂದು ಕಲಿಯಬೇಕು ಎಂದು ತೀರ್ಮಾನಿಸಿ, ಬೆಂಗಳೂರು ರೈಲು ಬರುವ ಹೊತ್ತಿಗೆ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ಹೋಗಿ ಕೂರತೊಡಗಿದರು. ಇಳಿಯುವವರ, ಹತ್ತುವವರ ಕಾಲುಗಳನ್ನು ನೋಡುವುದು, ಕಲ್ಲುಹಾಸಿನ ಮೇಲೆ ಪೆನ್ಸಿಲಿನಲ್ಲಿ ಏನೋ ಗೀಚುವುದು. ನೆಲಮಟ್ಟಕ್ಕೆ ನೋಟ ಸಿಗಲೆಂದು ಆಗಾಗ ಅಡ್ಡಡ್ಡ ಮಲಗಿಯೇಬಿಡುವುದು. ಒಂದು ದಿನ ಆಸ್ಪತ್ರೆಗೆ ಪೊಲೀಸ್ ಪೇದೆಯೊಬ್ಬ ಬಂದು, ನಿಮ್ಮವನೊಬ್ಬ ಹೆಂಗಸರ ಕಾಲು ನೋಡುತ್ತ ಸಿಕ್ಕಿಬಿದ್ದಿದ್ದಾನೆ ಎಂದ. ದೊಡ್ಡ ಡಾಕ್ಟರು ಶಸ್ತ್ರಚಿಕಿತ್ಸೆಯಲ್ಲಿದ್ದರು. ನಾನೇ ಹೋದೆ.

ಸ್ಟೇಷನ್ ಮಾಸ್ಟರ ಕೋಣೆಯ ಮುಂದೆ ಮೇಸ್ತ್ರಿ ನಿಂತಿದ್ದರು. ಎದುರಿಗೆ ಕೋಟು ಹಾಕಿದ ಒಬ್ಬ ಗೃಹಸ್ಥರು, ಅವರ ಪಕ್ಕದಲ್ಲಿ ಹೆಂಡತಿ. ಆತ ಕೋಪದಿಂದ ಕೂಗಾಡುತ್ತಿದ್ದರು.

"ಏನ್ ನೋಡ್ತಿದ್ದೆ, ಇವರ ಮುಂದೆ ಹೇಳು" ಎಂದರು.

ಮೇಸ್ತ್ರಿ ಸತ್ಯವನ್ನೇ ಹೇಳಿದರು. "ಅಮ್ಮೋರ ಬಲಗಾಲು ಒಂದು ಬೆರಳು ಗಿಡ್ಡ ಐತೆ ಸ್ವಾಮಿ. ಅದಕ್ಕೇ ಬಲಕ್ಕೆ ವಾಲಿ ಕುಂಟ್ತಾರೆ. ಚಪ್ಪಲಿ ಹಿಮ್ಮಡಿಗೆ ಒಂದು ಚರ್ಮ ಹಾಕಿದ್ರೆ ಸರಿಹೋಯ್ತದೆ. ನಾನೇ ಹಾಕ್ಕೊಡ್ತೀನಿ."

ಗೃಹಸ್ಥರು ಕೈ ಎತ್ತಿದರು. ನಾನು ಅಡ್ಡ ಬಂದು, ಇವರು ಆಸ್ಪತ್ರೆಯವರು, ಇದು ಇವರ ಓದು ಎಂದು ಏನೇನೋ ಹೇಳತೊಡಗಿದೆ. ಅಷ್ಟರಲ್ಲಿ ಆ ಹೆಂಗಸು ಮೆಲ್ಲಗೆ, "ನನ್ನ ಕಾಲು ಸರಿಯಾಗೇ ಇದೆ, ಚಪ್ಪಲಿ ಉಂಗುಷ್ಟ ಕಿತ್ತೋಗಿತ್ತು, ಎಳ್ಕೊಂಡು ಬರ್ತಿದ್ದೆ" ಎಂದರು. ಎಲ್ಲರೂ ಚಪ್ಪಲಿ ನೋಡಿದೆವು. ನಿಜ. ಕಲ್ಲುಹಾಸಿನ ಮೇಲೆ ಮೇಸ್ತ್ರಿ ಬರೆದಿದ್ದ ಶಾಸ್ತ್ರವೆಲ್ಲ ಒಂದು ಕಿತ್ತ ಉಂಗುಷ್ಟದ ಮೇಲೆ ನಿಂತಿತ್ತು. ಅವರು ಕಿವಿಯ ಮೇಲಿನ ದಬ್ಬಳ ತೆಗೆದು ಅಲ್ಲೇ ಕೂತು ಚಪ್ಪಲಿ ಹೊಲಿದುಕೊಟ್ಟರು. ಗೃಹಸ್ಥರ ಕೈ ಆ ಹೊತ್ತಿಗೆ ಕೆಳಗಿಳಿದಿತ್ತು. ತಮ್ಮ ಬೂಟು ಬಾಯಿ ಬಿಟ್ಟಿರುವುದನ್ನೂ ಅವರು ತೋರಿಸಿದರು.

ಹೀಗಿರುವಾಗ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕ್ಯಾಲಿಪರು ಮತ್ತು ಕೃತಕ ಕಾಲು ಮಾಡುವ ತರಬೇತಿ ಶುರುವಾಗಿದೆ ಎಂದು ದೊಡ್ಡ ಡಾಕ್ಟರಿಗೆ ಯಾರೋ ಹೇಳಿದರು. ಮೇಸ್ತ್ರಿ ಮರುದಿನವೇ ರೈಲು ಹತ್ತಿದರು, ಅದರ ಮರುದಿನವೇ ಮುಖ ಸಣ್ಣದು ಮಾಡಿಕೊಂಡು ಬಂದರು. ಎಸ್ಸೆಸ್ಸೆಲ್ಸಿ ಆಗಿದ್ದವರಿಗೆ ಮಾತ್ರ ಸೀಟಂತೆ. ಎರಡು ದಿನ ಶೆಡ್ಡಿನಲ್ಲೇ ಚರ್ಮ ಕೊಯ್ಯುತ್ತ ಕೂತಿದ್ದರು. ಮೂರನೆಯ ದಿನ ಮತ್ತೆ ಬೆಂಗಳೂರಿಗೆ ಹೋದರು. ಅಲ್ಲಿಂದ ಡಾಕ್ಟರಿಗೆ ಒಂದು ಕಾರ್ಡು ಬಂತು: ಸೀಟು ಸಿಕ್ಕಿದೆ, ಮುಗಿಸಿ ಬರುತ್ತೇನೆ. ಎಸ್ಸೆಸ್ಸೆಲ್ಸಿ ಇಲ್ಲದೆ ಸೀಟು ಹೇಗೆ ಸಿಕ್ಕಿತೆಂದು ಡಾಕ್ಟರಿಗೆ ಆಶ್ಚರ್ಯ, ಆದರೆ ಸಂತೋಷ.

ಸ್ವಲ್ಪ ಕಾಲದ ಮೇಲೆ ನನ್ನ ಕ್ಯಾಲಿಪರಿನ ಸರಳೇ ಸವೆದುಹೋಗಿ, ಡಾಕ್ಟರು ನನ್ನನ್ನೂ ಅದೇ ಆಸ್ಪತ್ರೆಗೆ ಕಳಿಸಿದರು. ಅಣ್ಣನ ಜೊತೆ ಹೋದೆ. ಅಳತೆ ತೆಗೆಯುವ ದೊಡ್ಡ ಹಾಲಿನಲ್ಲಿ ಬಿಳಿ ಕೋಟಿನ ವಿದ್ಯಾರ್ಥಿಗಳು ಸುತ್ತ ನಿಂತಿದ್ದರು. ನಡುವೆ ಎತ್ತರದ ಸ್ಟೂಲಿನ ಮೇಲೆ, ಅರ್ಧ ಚಡ್ಡಿಯಲ್ಲಿ, ಎಡಗಾಲಿಗೆ ತೊಡೆಯವರೆಗೆ ಹಸಿ ಪ್ಲಾಸ್ಟರು ಮೆತ್ತಿಸಿಕೊಂಡು ನಮ್ಮ ಮೇಸ್ತ್ರಿ ಕೂತಿದ್ದರು. ಸೀಟು ಸಿಕ್ಕಿದ್ದು ಸುಳ್ಳಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ, "ಪಾಪ, ಯಾರಮ್ಮ ನೀವು? ನಿಮಗೂ ಕಾಲಾ?" ಎಂದರು. ಕಣ್ಣು ಮಾತ್ರ ಅಣ್ಣನ ಪಾದದ ಮೇಲೆ.

ವಿದ್ಯಾರ್ಥಿಗಳು ಊಟಕ್ಕೆ ಹೋದ ಮೇಲೆ ವಿಷಯ ಹೇಳಿದರು. ಎಡ ಮಂಡಿಯಲ್ಲಿ ಬಲವಿಲ್ಲ, ನಡೆಯುವಾಗ ಸೋಲುತ್ತದೆ ಎಂದು ರೋಗಿಯಾಗಿ ಸೇರಿಕೊಂಡಿದ್ದರು. ಪ್ಲಾಸ್ಟರಿನ ಅಚ್ಚು ತೆಗೆಯುವುದನ್ನು ಕಲಿಯಲು ವಿದ್ಯಾರ್ಥಿಗಳಿಗೆ ಗಂಟೆಗಟ್ಟಲೆ ಅಲುಗಾಡದ ಕಾಲು ಬೇಕಿತ್ತು. ನಿಜವಾದ ರೋಗಿಗಳಿಗೆ ಅಷ್ಟು ತಾಳ್ಮೆ ಎಲ್ಲಿ? ಇವರು ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಕಾಲು ಚಾಚಿ ಕೂರುತ್ತಿದ್ದರು. ಮೇಷ್ಟ್ರು ಹೇಳಿದ ಪಾಠವೆಲ್ಲ ಇವರ ಕಾಲಿನ ಮೇಲೆಯೇ ನಡೆಯುತ್ತಿತ್ತು.

"ಅಚ್ಚು ತೆಗಿಯೋದು ಬಂತು. ಬಟ್ಟಲು ಎಲ್ಲಿ ಬಿಗಿ ಇರ್ಬೇಕು, ಎಲ್ಲಿ ಸಡಿಲ ಬಿಡ್ಬೇಕು, ಅದೂ ಬಂತು. ಹನುಮಂತಪ್ಪಂಗೆ ಎಲ್ಲೆಲ್ಲಿ ಉಜ್ಜುತ್ತೆ ಅಂತ ಈಗ ಗೊತ್ತಾಯ್ತು ಕಣಮ್ಮ. ನಾಳೆ ಕಬ್ಬಿಣ ಬಗ್ಗಿಸೋದು ಹೇಳ್ತಾರೆ. ನೀನು ಇನ್ನು ಹೊರಡು, ಇವರೆಲ್ಲ ಬಂದ್ಮೇಲೆ ನನ್ನ ಗುರ್ತು ಹಿಡಿದ್ಬುಟ್ಟೀಯ" ಎಂದು ನನ್ನನ್ನು ಸಾಗಹಾಕಿದರು.

ಅವರು ಹಿಂದೂಪುರಕ್ಕೆ ಮರಳಿದ್ದು ಗಟ್ಟಿಮುಟ್ಟಾದ ಕಾಲಿಗೆ ಹೊಳೆಯುವ ಕ್ಯಾಲಿಪರ್ ಕಟ್ಟಿಕೊಂಡೇ. ಕೋರ್ಸು ಮುಗಿಯಿತು ಎಂದಷ್ಟೇ ಹೇಳಿದರು, ಹೇಗೆ ಮುಗಿಯಿತೆಂದು ಬಾಯಿಬಿಡಲಿಲ್ಲ. ಶೆಡ್ಡಿಗೆ ಹೋದವರೇ ಅದನ್ನು ಬಿಚ್ಚಿ, ಒಂದೊಂದು ಸರಳು, ಒಂದೊಂದು ಕೀಲು, ಒಂದೊಂದು ಪಟ್ಟಿಯನ್ನೂ ಗೋಡೆಗೆ ಮೊಳೆ ಹೊಡೆದು ಸಾಲಾಗಿ ತೂಗುಹಾಕಿದರು. "ಇದೀಗ ಬುಕ್ಕು ಅಂದ್ರೆ ಬುಕ್ಕು" ಎಂದರು. ಹನುಮಂತಪ್ಪನನ್ನು ಕರೆಸಿ ಅಚ್ಚು ತೆಗೆದು ಹೊಸ ಬಟ್ಟಲು ಮಾಡಿದರು. ಹುಣ್ಣು ಮಾಯಿತು. ಪಂಜ ಅವನ ಹಟದಿಂದ ಹಾಗೇ ಉಳಿಯಿತು.

ಗಂಗಮ್ಮ ಬಂದದ್ದು ಆ ದಿನಗಳಲ್ಲಿ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಬೊರುಗಲು, ಅಂದರೆ ಮಂಡಕ್ಕಿ, ಮಾರುವ ಹೆಂಗಸು. ಹುಣ್ಣು ಏರಿ ಕಾಲು ತೆಗೆದ ಮೇಲೆ ಎರಡು ಕಂಕುಳಿಗೂ ಕೋಲು ಕೊಟ್ಟುಕೊಂಡು ಓಡಾಡುತ್ತಿದ್ದಳು. ಕಾಲು ಯಾತಕ್ಕೆ ಬೇಕು ಎಂದು ಡಾಕ್ಟರು ವಾಡಿಕೆಯಂತೆ ಕೇಳಿದರು. ಹೊಲಕ್ಕೆ ಹೋಗಲು, ಮಗಳ ಮನೆಗೆ ಹೋಗಲು ಎಂದು ಜನ ಹೇಳುವುದು ರೂಢಿ.

"ನಲ್ಲಿ ಹತ್ರ ಜಗಳ ಆಡಕ್ಕೆ" ಎಂದಳು ಗಂಗಮ್ಮ.

ಡಾಕ್ಟರು ತಲೆಯೆತ್ತಿದರು.

"ನೋಡಿ ಸಾರು, ನೀರು ಬಿಡೋದು ಒಂದು ಗಳಿಗೆ. ಎಲ್ರೂ ನುಗ್ತಾರೆ. ಎರಡು ಕೈನೂ ಕೋಲಿಗೇ ಹೋದ್ರೆ ಬಿಂದಿಗೆ ಯಾವ ಕೈಲಿ ಹಿಡೀಲಿ, ಬೈಯೋವಾಗ ಯಾವ ಕೈ ಎತ್ಲಿ? ಸುಮ್ನೆ ನಿಂತ್ಕೊಂಡು ಬೈದ್ರೆ ಯಾರೂ ಕಿವಿಗೇ ಹಾಕ್ಕೊಳಲ್ಲ. ಪಾಪ ಅಂತಾರೆ. ನನ್ನ ಕಂಡು ಪಾಪ ಅಂತಾಳೆ ಸಾರು, ನನ್ಜೊತೆ ದಿನಾ ಜಗಳಕ್ಕೆ ನಿಲ್ತಿದ್ದ ಆ ಓಬಳಮ್ಮ."

ಡಾಕ್ಟರು ನಕ್ಕರು. ಮೇಸ್ತ್ರಿ ನಗಲಿಲ್ಲ. ಯಾವ ಕೈ ಎತ್ತುತ್ತಿದ್ದೆ, ಎತ್ತಿದಾಗ ಯಾವ ಕಡೆ ವಾಲುತ್ತಿದ್ದೆ, ಬಿಂದಿಗೆ ಯಾವ ಸೊಂಟಕ್ಕೆ ಎಂದು ಕೇಳಿಕೊಂಡರು. ಅಲ್ಲೇ ಅವಳಿಂದ ಒಂದು ಸಣ್ಣ ಜಗಳವನ್ನೂ ಆಡಿಸಿ ನೋಡಿದರು. ನಾನು ಓಬಳಮ್ಮನಾಗಿ ನಿಂತೆ. ಬೈಸಿಕೊಂಡಷ್ಟೂ ನನಗೆ ಅವಳ ಮೇಲೆ ಗೌರವ ಬಂತು.

ಕಾಲು ಸಿದ್ಧವಾಯಿತು. ಅವಳು ಅದನ್ನು ಹಾಕಿಕೊಂಡು ನಡೆದಳು, ಬಿಂದಿಗೆಯನ್ನೂ ಹೊತ್ತಳು, ಆದರೆ ಕೈ ಎತ್ತಿದ ಕೂಡಲೇ ತೂಗಾಡಿ ಬೀಳುವಂತಾಗುತ್ತಿತ್ತು. ಮೇಸ್ತ್ರಿ ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಹೋಗಿ ಹೋಗಿ ಅಲ್ಲಿ ಕೆರೆದು, ಇಲ್ಲಿ ಸೇರಿಸಿ ನೋಡಿದರು. ಹಟ ಹಿಡಿದು ಎರಡನೆಯ, ಮೂರನೆಯ ಕಾಲನ್ನೂ ಮಾಡಿದರು. ಗಂಗಮ್ಮ ಬೀಳುವುದು ತಪ್ಪಲಿಲ್ಲ. "ಕೋಲೇ ತಗೊಂಡ್ಹೋಯ್ತೀನಿ ಬಿಡಣ್ಣ" ಎಂದು ಅವಳು ಹೇಳಿದ ದಿನ ಮೇಸ್ತ್ರಿ ಊಟ ಮಾಡಲಿಲ್ಲ.

ಅಷ್ಟರಲ್ಲಿ ಕಮಿಟಿ ಕೊಟ್ಟ ಗಡುವು ಮುಗಿದಿತ್ತು. ಅವರು ಕೇಳಿದ್ದು ಸರ್ಟಿಫಿಕೇಟು. ಅದು ಮೇಸ್ತ್ರಿಯ ಹತ್ತಿರ ಇರಲಿಲ್ಲ. ಬೆಂಗಳೂರಿನಲ್ಲಿ ಪಾಸಾದ ಒಬ್ಬ ಟೆಕ್ನೀಷಿಯನ್ನನ್ನು ನೇಮಿಸಿದ್ದೇವೆ, ಸೋಮವಾರ ಬರುತ್ತಾರೆ ಎಂದು ತಿಳಿಸಿದರು. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಶೆಡ್ಡಿಗೆ ಹೋಗಿ ನೋಡಿದರೆ ಅವರು ನೆಲ ಗುಡಿಸಿ ನೀರು ಚಿಮುಕಿಸುತ್ತಿದ್ದರು.

"ನಿಮಗೆ ಬೇಜಾರಿಲ್ವಾ ಮೇಸ್ತ್ರಿ?"

"ಐತೆ" ಎಂದರು. ಆಮೇಲೆ ಪೊರಕೆ ಮೂಲೆಗಿಟ್ಟು, "ಆದ್ರೆ ಟೈಪಮ್ಮ, ಬುಕ್ಕು ಹುಡುಕಿ ಹುಡುಕಿ ಸಾಕಾಗಿತ್ತಲ್ಲ. ಈಗ ಕಲಿತಿರೋ ಆಳೇ ನಮ್ಮ ಮನೆ ಬಾಗಿಲಿಗೆ ಬತ್ತಾವ್ನೆ. ಗಂಗಮ್ಮ ಯಾಕೆ ಬೀಳ್ತಾಳೆ ಅಂತ ಅವನನ್ನ ಕೇಳ್ಬೇಕು. ಕೇಳ್ಕೊಂಡು ಹೋಯ್ತೀನಿ" ಎಂದರು.

ಸೋಮವಾರ ಬಂದವನು ವಾಸುದೇವ ಎಂಬ ತೆಳ್ಳಗಿನ ಯುವಕ. ಡಾಕ್ಟರು ಅವನನ್ನು ಶೆಡ್ಡಿಗೆ ಕರೆದುಕೊಂಡು ಬಂದರು, ನಾನೂ ಹಿಂದೆ ಇದ್ದೆ. ಅವನು ಒಳಗೆ ಬಂದವನೇ ಗೋಡೆಯ ಮೇಲೆ ತೂಗುಹಾಕಿದ್ದ ಸರಳುಗಳನ್ನು ನೋಡಿದ. ಆಮೇಲೆ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಅವನ ಪಾದ ನೋಡಿ ಗುರುತು ಹಿಡಿದು, ಏನು ಮಾಡುವುದೆಂದು ತಿಳಿಯದೆ, ಅಭ್ಯಾಸಬಲದಿಂದ ಕುಂಟತೊಡಗಿದರು.

"ಇದು ನಾನು ಮಾಡಿದ ಕ್ಯಾಲಿಪರು" ಎಂದ ವಾಸುದೇವ. "ನಿಮ್ಮ ಕಾಲು ಹೇಗಿದೆ?"

"ವಾಸಿಯಾಯ್ತಪ್ಪ. ಎಲ್ಲಾ ನಿನ್ನ ಕೈಗುಣ" ಎಂದರು ಮೇಸ್ತ್ರಿ.

ಆಗ ಹೊರಬಿತ್ತು ಕೋರ್ಸು ಮುಗಿದ ಕಥೆ. ಕೊನೆಯ ಪರೀಕ್ಷೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ರೋಗಿಯನ್ನು ಪರೀಕ್ಷಕರ ಮುಂದೆ ಕ್ಯಾಲಿಪರ್ ಇಲ್ಲದೆ ಒಮ್ಮೆ, ಹಾಕಿಕೊಂಡು ಒಮ್ಮೆ ನಡೆಸಿ ತೋರಿಸಬೇಕಿತ್ತು. ವಾಸುದೇವನ ರೋಗಿ ನಮ್ಮ ಮೇಸ್ತ್ರಿ. ಇಲ್ಲದಿದ್ದಾಗ ಚೆನ್ನಾಗಿ ನಡೆದು, ಹಾಕಿದಾಗ ಕುಂಟಿದರೆ ಹುಡುಗ ಫೇಲಾಗುತ್ತಾನಲ್ಲ ಎಂದು ಮೇಸ್ತ್ರಿಗೆ ಭಯವಾಯಿತು. ಹಾಗಾಗಿ ಕ್ಯಾಲಿಪರ್ ಬಿಚ್ಚಿದ ಕೂಡಲೇ ಭೀಕರವಾಗಿ ಕುಂಟುತ್ತ, ಬೆಂಚು ಹಿಡಿದು ನರಳುತ್ತ ಹೋದರು. ಗಾಬರಿಯಲ್ಲಿ ಕುಂಟಿದ್ದು ಬಲಗಾಲು.

"ಕ್ಯಾಲಿಪರ್ ಎಡಗಾಲಿನದು, ಕುಂಟುತ್ತಿರುವುದು ಬಲಗಾಲು" ಎಂದರಂತೆ ಪರೀಕ್ಷಕರು.

"ಎಡಗಾಲು ಪೂರ್ತಿ ವಾಸಿಯಾಗೋಯ್ತು ಸ್ವಾಮಿ, ಈ ಅಪ್ಪ ಅಷ್ಟು ಚೆನ್ನಾಗಿ ಮಾಡವ್ನೆ," ಎಂದರಂತೆ ಮೇಸ್ತ್ರಿ. "ಅಲ್ಲಿರಾಕೆ ಜಾಗ ಇಲ್ದೆ ನೋವು ಬಲಕ್ಕೆ ಬಂದೈತೆ."

ಹಾಲೆಲ್ಲ ನಕ್ಕಿತಂತೆ. ಪರೀಕ್ಷಕರು ಕ್ಯಾಲಿಪರನ್ನು ನೋಡಿ ಕೆಲಸ ಶುದ್ಧವಾಗಿದೆ ಎಂದು ವಾಸುದೇವನನ್ನು ಪಾಸು ಮಾಡಿದರು, ರೋಗಿಯನ್ನು ಗೇಟಿನಿಂದಾಚೆ ಕಳಿಸಿದರು.

ನಮ್ಮ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೇಸ್ತ್ರಿ ಮಾತ್ರ ವಾಸುದೇವನ ತೋಳು ಹಿಡಿದು, "ಅದೆಲ್ಲ ಇರ್ಲಿ, ಗಂಗಮ್ಮ ಯಾಕೆ ಬೀಳ್ತಾಳೆ ಹೇಳಪ್ಪ" ಎಂದು ಆಗಲೇ ಬೆಂಚಿನ ಕಡೆ ಎಳೆಯುತ್ತಿದ್ದರು.

ವಾಸುದೇವ ಗಂಗಮ್ಮನನ್ನು ಕರೆಸಿ ನಿಲ್ಲಿಸಿ, ಸೊಂಟದಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದ. ಭಾರ ಪಾದದ ಮೇಲೆ ಬೀಳುತ್ತಿರಲಿಲ್ಲ, ಹೊರಗಡೆಗೆ ಬೀಳುತ್ತಿತ್ತು. ಕಾಲು ಚೆನ್ನಾಗೇ ಇತ್ತು, ನಿಲ್ಲಿಸಿದ ಜಾಗ ತಪ್ಪಾಗಿತ್ತು. ಪಾದವನ್ನು ಸ್ವಲ್ಪ ಹೊರಕ್ಕೆ ಸರಿಸಿ ಕೂರಿಸಿದ, ಅಷ್ಟೇ. ಮೇಸ್ತ್ರಿ ಆ ದಾರವನ್ನೇ ನೋಡುತ್ತ, "ನಾನು ಮಾಡಿದ್ದು ಕಾಲು. ಇವನು ಮಾಡಿದ್ದು ನಡಿಗೆ" ಎಂದರು. ತಮಗೆ ಬಾರದ ಕೆಲಸಗಳ ಪಟ್ಟಿಗೆ ಅವರು ಹೊಸದೊಂದನ್ನು ಸೇರಿಸಿದ್ದನ್ನು ನಾನು ಕೇಳಿದ್ದು ಅಂದೇ.

ಆಮೇಲೆ ಮೇಸ್ತ್ರಿ, ವಾಸುದೇವ, ನಾನು ಮೂವರೂ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದೆವು. ನಲ್ಲಿಯಲ್ಲಿ ನೀರು ಬಂದು ಗಲಾಟೆ ಹತ್ತಿಕೊಂಡಿತ್ತು. ಗಂಗಮ್ಮ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು, ಇನ್ನೊಂದು ಕೈಯನ್ನು ಆಕಾಶಕ್ಕೆ ಎತ್ತಿ, ಓಬಳಮ್ಮನ ವಂಶವನ್ನು ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದಳು. ಓಬಳಮ್ಮ ಪಾಪ ಎನ್ನಲಿಲ್ಲ. ಅಷ್ಟೇ ಜೋರಾಗಿ ವಾಪಸು ಬೈದಳು. ಅದನ್ನು ಕೇಳಿ ಗಂಗಮ್ಮನ ಮುಖ ಅರಳಿದ್ದನ್ನು ನಾನು ನೋಡಿದೆ. ಮೇಸ್ತ್ರಿ ಅದನ್ನು ನೋಡಲಿಲ್ಲ. ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, "ಬೀಳ್ಲಿಲ್ಲ, ಬೀಳ್ಲಿಲ್ಲ" ಎನ್ನುತ್ತಿದ್ದರು. ಯಾರದೋ ಬಿಂದಿಗೆಯ ನೀರು ತಲೆಯ ಮೇಲೆ ಚೆಲ್ಲಿದ್ದೂ ಅವರಿಗೆ ತಿಳಿಯಲಿಲ್ಲ.

ಮೇಸ್ತ್ರಿಯನ್ನು ಬಿಟ್ಟರೆ ತಾನೂ ಇರುವುದಿಲ್ಲ ಎಂದು ವಾಸುದೇವ ಕಮಿಟಿಗೆ ಹೇಳಿದ. ಅವರನ್ನು ಸಹಾಯಕ ಎಂದು ಉಳಿಸಿಕೊಂಡರು. ಮಧ್ಯಾಹ್ನದ ಪಾಠ ಮತ್ತೆ ಶುರುವಾಯಿತು, ಈ ಸಲ ವಾಸುದೇವ ತಂದಿದ್ದ ನಿಜವಾದ ಪುಸ್ತಕಗಳು. ಬೇರೆ ಊರುಗಳಿಂದ ಕೆಲಸ ಕಲಿಯಲು ಒಬ್ಬಿಬ್ಬರು ಬರತೊಡಗಿದಾಗ ಮೇಸ್ತ್ರಿ ತಮ್ಮದೇ ಒಂದು ನಿಯಮ ಮಾಡಿದರು. ಬಂದವರು ಮೊದಲು ತಮ್ಮ ಒಳ್ಳೆಯ ಕಾಲಿಗೆ ಕ್ಯಾಲಿಪರ್ ಬಿಗಿದುಕೊಂಡು ಪೇಟೆಯ ಹುಣಸೇಹಣ್ಣಿನ ಮಂಡಿಗೆ ಹೋಗಿ ಬರಬೇಕು. ತನಿಖೆಗೆ ಬಂದ ಕಮಿಟಿಯ ಅಧ್ಯಕ್ಷರಿಗೂ ವಿನಾಯಿತಿ ಸಿಗಲಿಲ್ಲ. ಅವರು ಮಂಡಿಯವರೆಗೆ ಹೋದರು, ವಾಪಸು ನಡೆಯಲಾರದೆ ಜಟಕಾ ಹತ್ತಿದರು. ಮಡಿಸಲಾಗದ ಕಾಲನ್ನು ಹೊರಕ್ಕೆ ಚಾಚಿಕೊಂಡು ಪೇಟೆಯ ನಡುವೆ ಬಂದ ಅಧ್ಯಕ್ಷರನ್ನು ಕಂಡು ಅಂಗಡಿಯವರು ಎದ್ದು ನಿಂತು ಕೈ ಮುಗಿದರು. ಮುಂದಿನ ಸಭೆಯಲ್ಲಿ ಶೆಡ್ಡಿಗೆ ಹೊಸ ಲೇತು ಮಂಜೂರಾಯಿತು.

ಮೇಸ್ತ್ರಿ ಹೋದದ್ದು ಅರವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಪರಿಗಿಯಲ್ಲಿದ್ದ ತಂಗಿಯ ಮನೆಯಲ್ಲಿ. ಸುದ್ದಿ ಹೇಗೆ ಹಬ್ಬಿತೋ, ಬಸ್ಸುಗಳಲ್ಲಿ, ಗಾಡಿಗಳಲ್ಲಿ ಜನ ಬಂದರು. ಅಲ್ಲಿ ಹೆಂಗಸರು ಮಸಣದವರೆಗೆ ಹೋಗುವ ರೂಢಿಯಿಲ್ಲ, ಆದರೆ ಅಂದು ಯಾರೂ ತಡೆಯಲಿಲ್ಲ. ಹೊತ್ತವರು ನಾಲ್ಕು ಜನ ಗಟ್ಟಿಮುಟ್ಟಾದ ನೆಂಟರು, ಬಿಸಿಲೇರುವ ಮೊದಲು ಮುಗಿಸಬೇಕೆಂದು ಬಿರಬಿರನೆ ಹೆಜ್ಜೆ ಹಾಕಿದರು. ನಾವು ಮೇಸ್ತ್ರಿ ಮಾಡಿದ ಕಾಲುಗಳಲ್ಲಿ, ಕ್ಯಾಲಿಪರುಗಳಲ್ಲಿ ಹಿಂದೆ ಬಿದ್ದೆವು. ಸ್ವಲ್ಪ ದೂರ ಹೋಗಿ ಹೊತ್ತವರು ತಿರುಗಿ ನೋಡಿದರು. ಮುಂದೆ ಚಟ್ಟ, ಹಿಂದೆ ಬರೀ ಖಾಲಿ ರಸ್ತೆ, ಅದರಾಚೆ ನಾವು. ಒಂದು ಹುಣಸೆಮರದ ನೆರಳಿನಲ್ಲಿ ನಿಂತರು. ನಾವು ಹತ್ತಿರ ಬಂದ ಮೇಲೆ ಹೊರಟರು, ಮತ್ತೆ ಮುಂದೆ ಹೋದರು, ಮತ್ತೆ ನಿಂತರು. ಬಿಸಿಲು ಏರಿಯೇಬಿಟ್ಟಿತು. ನಾನು ಏದುಸಿರು ಬಿಡುತ್ತ, "ನಿಮಗೆ ಹೊತ್ತಾಗ್ತದೆ, ನೀವು ನಡೀರಪ್ಪ" ಎಂದೆ.

ಚಟ್ಟದ ಮುಂದಿನ ಕೊಂಬು ಹೊತ್ತಿದ್ದವನು ಹೆಗಲು ಬದಲಿಸಿಕೊಂಡ. "ನಿಧಾನಕ್ಕೆ ಬನ್ನಿ ಕಣಮ್ಮ," ಎಂದ, "ನೀವು ಬರ್ದೆ ಈ ಮೇಸ್ತ್ರಿ ಅಲ್ಲಿ ಹೋಗಿ ಏನ್ ಮಾಡ್ತಾರೆ."